ಕೈಗೆ ಒಗ್ಗಿದ ಕ್ಯಾಮೆರಾ: ರೇಂಜ್‌ಫೈಂಡರ್ ಆಯ್ಕೆಯ ಒಂದು ಇತಿಹಾಸ



ನಿಮ್ಮಲ್ಲಿ ಹಲವರು ಈ ಛಾಯಾಚಿತ್ರವನ್ನು ಎಲ್ಲಾದರೂ ನೋಡಿರುತ್ತೀರಿ. 1948ರ ಜನವರಿ 30ರ ರಾತ್ರಿ, ದೆಹಲಿಯ ಬಿರ್ಲಾ ಭವನದ ಗೇಟು. ಕತ್ತಲಲ್ಲಿ ಸೇರಿದ ಜನರಿಗಿಂತ ತುಸು ಎತ್ತರದಲ್ಲಿ ಪಂಡಿತ ಜವಾಹರಲಾಲ್ ನೆಹರೂ ಕಾಣುತ್ತಾರೆ. ಗಾಂಧೀಜಿ ಇನ್ನಿಲ್ಲವೆಂಬ ಸುದ್ದಿಯನ್ನು ಹೇಳುತ್ತಿದ್ದಾರೆ. ಹತ್ತಿರ ಉರಿಯುತ್ತಿರುವ ದೀಪದ ಬೆಳಕೇ ಆ ಚಿತ್ರದ ಬೆಳಕು. ಚಿತ್ರ ಮಸುಕಾಗಿದೆ, ಆಕೃತಿಗಳು ಕದಲಿದಂತಿವೆ. ಪರೀಕ್ಷಕರು ಅಂಕ ಕೊಡುವಂತಹ ಸ್ಪಷ್ಟ ಚಿತ್ರವಲ್ಲ ಅದು. ಆದರೂ ಆ ರಾತ್ರಿಯ ದಿಗ್ಭ್ರಮೆ ಎಂಥದ್ದೆಂದು ತಿಳಿಯಬೇಕಾದರೆ ಇಂದಿಗೂ ನಾವು ನೋಡುವುದು ಅದನ್ನೇ.

ತೆಗೆದವರು ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸಾನ್. ಅದೇ ದಿನ ಅವರು ಗಾಂಧೀಜಿಯವರನ್ನು ಭೇಟಿಯಾಗಿ ಹೊರಟಿದ್ದರು. ಸುದ್ದಿ ತಿಳಿದು ಮರಳಿ ಓಡಿ ಬಂದಾಗ ಕೈಯಲ್ಲಿದ್ದದ್ದು ಅಂಗೈಗಿಂತ ತುಸು ದೊಡ್ಡದಾದ ಲೈಕಾ ಕ್ಯಾಮೆರಾ. ಫ್ಲಾಶ್ ಇರಲಿಲ್ಲ.

ಅಂದು ದೆಹಲಿಯಲ್ಲಿ ಇನ್ನೊಬ್ಬ ಹೆಸರಾಂತ ಛಾಯಾಗ್ರಾಹಕಿಯೂ ಇದ್ದರು: ಅಮೆರಿಕದ 'ಲೈಫ್' ಪತ್ರಿಕೆಯ ಮಾರ್ಗರೆಟ್ ಬರ್ಕ್ ವೈಟ್. 1946ರಲ್ಲಿ ಚರಕದ ಬಳಿ ಕುಳಿತು ಓದುತ್ತಿರುವ ಗಾಂಧೀಜಿಯವರ ಪ್ರಸಿದ್ಧ ಚಿತ್ರ ತೆಗೆದವರು ಇವರೇ. ಅಂದು ಅವರಿಗೆ ಸಿಕ್ಕಿದ್ದು ಮೂರೇ ಫ್ಲಾಶ್ ಬಲ್ಬುಗಳ ಅವಕಾಶ. ಮೊದಲ ಎರಡು ಕೈಕೊಟ್ಟವು, ಮೂರನೆಯದರಲ್ಲಿ ಚಿತ್ರ ಬಂತು. ಎರಡು ವರ್ಷದ ಬಳಿಕ, ಗಾಂಧೀಜಿಯವರ ಪಾರ್ಥಿವ ಶರೀರವಿದ್ದ ಕೋಣೆಯಲ್ಲಿ ಅವರ ಫ್ಲಾಶ್ ಬೆಳಗಿದಾಗ ಅಲ್ಲಿದ್ದವರು ಸಿಟ್ಟಾದರು, ಅವರನ್ನು ಹೊರಗೆ ಕಳಿಸಿದರು, ತೆಗೆದ ಫಿಲಂ ಉಳಿಯಲಿಲ್ಲ ಎಂದು ಅವರ ಜೀವನಚರಿತ್ರೆಯಲ್ಲಿ ದಾಖಲಾಗಿದೆ. ಅವರು ಕಡಿಮೆ ಪ್ರತಿಭೆಯವರೆಂದು ಯಾರೂ ಹೇಳಲಾರರು. ಅವರ ಸಲಕರಣೆ ಬೇರೆ, ಕೆಲಸ ಮಾಡುವ ರೀತಿ ಬೇರೆ. ಯಾವ ಕ್ಯಾಮೆರಾವನ್ನು ಏಕೆ ಆರಿಸಿಕೊಂಡರು ಎಂಬ ಪ್ರಶ್ನೆ ಬರೀ ಹವ್ಯಾಸಿಗಳ ಹರಟೆಯಲ್ಲ. ಇತಿಹಾಸದಲ್ಲಿ ಯಾವ ಚಿತ್ರ ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದಕ್ಕೂ ಅದಕ್ಕೂ ನೇರ ನಂಟಿದೆ.

ಮೊದಲು ಈ ಯಂತ್ರದ ಗುಟ್ಟನ್ನು ತಿಳಿಯೋಣ. ಒಂದು ಬೆರಳನ್ನು ಮುಖದ ಮುಂದೆ ಹಿಡಿದು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ಹೆಚ್ಚು. ನಮ್ಮ ಎರಡು ಕಣ್ಣುಗಳ ನಡುವಿನ ಅಂತರವೇ ದೂರವನ್ನು ಅಳೆಯುವ ಅಳತೆಗೋಲು. ರೇಂಜ್‌ಫೈಂಡರ್ ಕ್ಯಾಮೆರಾ, ಅಂದರೆ ದೂರಮಾಪಕ ಕ್ಯಾಮೆರಾ ಮಾಡುವುದೂ ಇಷ್ಟನ್ನೇ. ಅದರ ಮುಂಭಾಗದಲ್ಲಿ ಒಂದಕ್ಕೊಂದು ದೂರವಾಗಿ ಎರಡು ಪುಟ್ಟ ಕಿಟಕಿಗಳು. ಎರಡರಿಂದಲೂ ಬಂದ ಬಿಂಬಗಳು ಒಂದೇ ಕಡೆ ಬಂದು ಸೇರುತ್ತವೆ. ಮುಂದಿರುವ ಮುಖ ಎರಡೆರಡಾಗಿ ಕಂಡರೆ ಫೋಕಸ್ ಸರಿಯಿಲ್ಲ. ಮಸೂರವನ್ನು ತಿರುಗಿಸುತ್ತಾ ಹೋದಂತೆ ಎರಡೂ ಬಿಂಬಗಳು ಒಂದರ ಮೇಲೊಂದು ಕೂತಾಗ ಸರಿಯಾಯಿತು ಎಂದರ್ಥ.

ನನ್ನ ಸೋದರಮಾವನ ಬಳಿ ಜಪಾನಿನ ಯಾಶಿಕಾ ಎಲೆಕ್ಟ್ರೋ 35 ಎಂಬ ಇಂಥದೊಂದು ಕ್ಯಾಮೆರಾ ಇತ್ತು. ಮದುವೆಮನೆಯಲ್ಲಿ ಕಂಬಕ್ಕೆ ಒರಗಿ ನಿಂತು, ಮಾಂಗಲ್ಯಧಾರಣೆಗೆ ಐದು ನಿಮಿಷ ಮುಂಚೆಯೇ ವಧುವಿನ ಬಾಸಿಂಗದ ಅಂಚಿಗೆ ಫೋಕಸ್ ಮಾಡಿಟ್ಟುಕೊಂಡು ಕಾಯುತ್ತಿದ್ದರು. "ಹೊಗೆಯಲ್ಲಿ ಆಮೇಲೆ ಎರಡು ಬಿಂಬ ಸೇರಿಸೋಕಾಗಲ್ಲ ಕಣೋ" ಎನ್ನುತ್ತಿದ್ದರು. ಹೋಮದ ಹೊಗೆ ಇಷ್ಟೊಂದು ತಾಂತ್ರಿಕ ವಿಷಯವೆಂದು ನನಗೆ ಗೊತ್ತಾದದ್ದು ಆಗಲೇ.

ಲೈಕಾ ಹುಟ್ಟಿದ್ದು ಜರ್ಮನಿಯ ವೆಟ್ಸ್ಲರ್ ಎಂಬ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ. ಅದು ಸೂಕ್ಷ್ಮದರ್ಶಕಗಳಿಗೆ ಹೆಸರಾದ ಸಂಸ್ಥೆ. ಅಲ್ಲಿಗೆ 1911ರಲ್ಲಿ ಓಸ್ಕರ್ ಬರ್ನಾಕ್ ಎಂಬ ಕುಶಲಕರ್ಮಿ ಕೆಲಸಕ್ಕೆ ಸೇರಿದರು. ಇದಕ್ಕೆ ಮೊದಲು ಅವರಿದ್ದದ್ದು ಯೇನಾ ನಗರದ ಝೈಸ್ ಸಂಸ್ಥೆಯಲ್ಲಿ. ಬರ್ನಾಕರಿಗೆ ಉಬ್ಬಸದ ತೊಂದರೆ. ಗಾಜಿನ ಪ್ಲೇಟುಗಳ ಭಾರವಾದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲಂ ಅನ್ನು ಅಡ್ಡಲಾಗಿ ಓಡಿಸಿ, ಸಿನಿಮಾ ಚೌಕಟ್ಟಿನ ಎರಡರಷ್ಟು, ಅಂದರೆ 24 x 36 ಮಿಲಿಮೀಟರ್ ಅಳತೆಯ ಪುಟ್ಟ ನೆಗೆಟಿವ್ ಪಡೆಯುವ ಕ್ಯಾಮೆರಾವನ್ನು ಅವರು 1914ರ ವೇಳೆಗೆ ತಯಾರಿಸಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಯುದ್ಧಾನಂತರದ ಹಣದುಬ್ಬರ, ನಿರುದ್ಯೋಗಗಳ ನಡುವೆ, 1924ರಲ್ಲಿ ಯಜಮಾನ ಎರಡನೆಯ ಅರ್ನ್ಸ್ಟ್ ಲೈಟ್ಸ್ ಧೈರ್ಯಮಾಡಿ ಇದನ್ನು ತಯಾರಿಸಿಯೇ ತೀರುವುದೆಂದು ನಿರ್ಧರಿಸಿದರು. 1925ರ ವಸಂತದಲ್ಲಿ ಲೈಪ್ಸಿಗ್ ಜಾತ್ರೆಯಲ್ಲಿ ಲೈಕಾ ಮಾರಾಟಕ್ಕೆ ಬಂತು. ಆ ಮೊದಲ ಲೈಕಾದಲ್ಲಿ ದೂರಮಾಪಕವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ದೂರವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಬೇಕಿತ್ತು, ಇಲ್ಲವೇ ಬೇರೆಯೇ ಒಂದು ಉಪಕರಣವನ್ನು ಮೇಲೆ ಸಿಕ್ಕಿಸಿಕೊಂಡು ಅಳೆದು, ಆ ಅಂಕಿಯನ್ನು ಮಸೂರದ ಮೇಲೆ ಇಡಬೇಕಿತ್ತು.

ನಿಜವಾದ ಪೈಪೋಟಿ ಆರಂಭವಾದದ್ದು 1932ರಲ್ಲಿ. ಆ ವರ್ಷ ಮಸೂರದೊಂದಿಗೆ ಜೋಡಣೆಯಾದ ದೂರಮಾಪಕವುಳ್ಳ ಎರಡನೆಯ ಮಾದರಿಯ ಲೈಕಾ ಬಂತು. ಅದೇ ವರ್ಷ ಡ್ರೆಸ್ಡನ್ ನಗರದ ಝೈಸ್ ಇಕಾನ್ ಸಂಸ್ಥೆ ಕಾಂಟ್ಯಾಕ್ಸ್ ಎಂಬ ಎದುರಾಳಿಯನ್ನು ಕಣಕ್ಕಿಳಿಸಿತು. ಇವೆರಡರ ಪೈಕಿ ಯಾವುದು ಮೇಲು? ಕಾಗದದ ಮೇಲೆ ಲೆಕ್ಕ ಹಾಕಿದರೆ ಉತ್ತರ ಸುಲಭ. ಕಾಂಟ್ಯಾಕ್ಸ್ ಶಟರಿನ ಗರಿಷ್ಠ ವೇಗ ಸೆಕೆಂಡಿನ ಸಾವಿರದಲ್ಲಿ ಒಂದಂಶ, ಲೈಕಾದ್ದು ಐನೂರರಲ್ಲಿ ಒಂದಂಶ. ದೂರಮಾಪಕದ ಕಿಟಕಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಳತೆ ನಿಖರ ಎಂದೆವಲ್ಲ. 1936ರ ಎರಡನೆಯ ಮಾದರಿಯ ಕಾಂಟ್ಯಾಕ್ಸ್‌ನಲ್ಲಿ ಈ ಅಂತರ ಸುಮಾರು 9 ಸೆಂಟಿಮೀಟರ್, ಲೈಕಾದಲ್ಲಿ ಸುಮಾರು 4. ಕಾಂಟ್ಯಾಕ್ಸ್‌ನ ಹಿಂಬದಿಯನ್ನು ಪೂರ್ತಿ ಕಳಚಿ ಫಿಲಂ ತುಂಬಬಹುದಿತ್ತು. ಲೈಕಾಕ್ಕೆ ಫಿಲಂನ ತುದಿಯನ್ನು ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ತಳದಿಂದ ತೂರಿಸಬೇಕು. ಲುಡ್ವಿಗ್ ಬರ್ಟೆಲೆ ವಿನ್ಯಾಸಗೊಳಿಸಿದ ಝೈಸ್ ಸಂಸ್ಥೆಯ ಸೊನ್ನಾರ್ ಮಸೂರಗಳು ಮಂದ ಬೆಳಕಿಗೆ ಹೆಸರಾಗಿದ್ದವು. ಮೇಲಾಗಿ 1936ರ ಕಾಂಟ್ಯಾಕ್ಸ್‌ನಲ್ಲಿ ಚೌಕಟ್ಟು ನೋಡುವ ಕಿಟಕಿ, ದೂರ ಅಳೆಯುವ ಕಿಟಕಿ ಎರಡೂ ಒಂದೇ ಆದವು. ಲೈಕಾದವರು ಒಂದು ಕಿಂಡಿಯಲ್ಲಿ ಅಳೆದು, ಕಣ್ಣು ಸರಿಸಿ, ಇನ್ನೊಂದು ಕಿಂಡಿಯಲ್ಲಿ ಚಿತ್ರ ನೋಡಬೇಕಿತ್ತು.

ಇಷ್ಟೆಲ್ಲ ಇದ್ದೂ ಲೈಕಾ ಸೋಲಲಿಲ್ಲ. ಏಕೆ?

ಕಾರಣಗಳನ್ನು ಕೋಷ್ಟಕದಲ್ಲಿ ಹುಡುಕಿದರೆ ಸಿಗುವುದಿಲ್ಲ, ಕೈಯಲ್ಲಿ ಹಿಡಿದರೆ ಸಿಗುತ್ತವೆ. ಕಾಂಟ್ಯಾಕ್ಸ್‌ನ ಎರಡನೆಯ ಕಿಟಕಿ ಬಲತುದಿಯಲ್ಲಿದೆ; ಎಲ್ಲರಂತೆ ಹಿಡಿದರೆ ಬಲಗೈಯ ಬೆರಳು ಅದನ್ನೇ ಮುಚ್ಚುತ್ತದೆ. ಬೆರಳುಗಳನ್ನು ಮಡಚಿ ಹಿಡಿಯುವ ಒಂದು ವಿಚಿತ್ರ ಪಟ್ಟನ್ನು ಅದರ ಬಳಕೆದಾರರು ರೂಢಿಸಿಕೊಳ್ಳಬೇಕಾಯಿತು. ಲೋಹದ ಪಟ್ಟಿಗಳು ಮೇಲಿಂದ ಕೆಳಕ್ಕೆ ಓಡುವ ಅದರ ಶಟರು ಚತುರ ರಚನೆಯೇ ಸರಿ, ಆದರೆ ಮೊದಲ ಮಾದರಿಯಲ್ಲಿ ಬಹಳ ತೊಂದರೆ ಕೊಟ್ಟಿತು. ಲೈಕಾದ ಬಟ್ಟೆಯ ಶಟರು ಸರಳ, ಸದ್ದೂ ಕಡಿಮೆ. ಅಂಚುಗಳು ದುಂಡು, ಕೋಟಿನ ಜೇಬಿಗೆ ಇಳಿಯುತ್ತದೆ.

ಕಾರ್ಟಿಯೆ ಬ್ರೆಸಾನ್ 1932ರಲ್ಲಿ ಮಾರ್ಸೇಲ್ಸ್ ನಗರದಲ್ಲಿ ತಮ್ಮ ಲೈಕಾ ಕೊಂಡರು. ಚಿತ್ರಕಲೆ ಕಲಿತವರು, ಬೀದಿಯಲ್ಲಿ ಅಲೆಯುತ್ತಾ, ಯಾರ ಗಮನಕ್ಕೂ ಬಾರದೆ, ಆಕಾರಗಳು ತಾವಾಗಿ ಕೂಡಿಬರುವ ಕ್ಷಣಕ್ಕೆ ಕಾಯುವುದು ಅವರ ವಿಧಾನ. ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿಕೊಳ್ಳುತ್ತಿದ್ದರು. ಬಹುಪಾಲು ಒಂದೇ 50 ಮಿಲಿಮೀಟರ್ ಮಸೂರ. ಇಂಥವರಿಗೆ ಸಾವಿರದಲ್ಲಿ ಒಂದಂಶದ ವೇಗದಿಂದ ಆಗಬೇಕಾದದ್ದೇನು? ಬೇಕಿದ್ದದ್ದು ಸಣ್ಣ ಗಾತ್ರ, ಮೌನ, ಕೈಗೆ ಮರೆತುಹೋಗುವಷ್ಟು ರೂಢಿಯಾದ ಯಂತ್ರ.

ಅವರ ಗೆಳೆಯ ರಾಬರ್ಟ್ ಕಾಪಾ ಬೇರೆಯೇ ಬಗೆಯ ಮನುಷ್ಯ. ಹಂಗೇರಿಯ ಯಹೂದಿ, 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಬರ್ಲಿನ್ ಬಿಟ್ಟು ಪ್ಯಾರಿಸ್ ಸೇರಿದವರು. ಆರಂಭದಲ್ಲಿ ಲೈಕಾ ಬಳಸಿದ ಅವರು ಬಳಿಕ ಕಾಂಟ್ಯಾಕ್ಸ್‌ಗೆ ಬದಲಾದರು. ಗುಂಡಿನ ಮಳೆಯಲ್ಲಿ ಓಡುತ್ತಾ ಚಿತ್ರ ತೆಗೆಯುವವರಿಗೆ ಕಿಟಕಿಯಿಂದ ಕಿಟಕಿಗೆ ಕಣ್ಣು ಸರಿಸಲು ಸಮಯವೆಲ್ಲಿ? ವೇಗದ ಶಟರು, ಒಂದೇ ಕಿಟಕಿ, ಬೇಗ ಬದಲಿಸಬಹುದಾದ ಫಿಲಂ ಅವರಿಗೆ ಒಗ್ಗುವ ಗುಣಗಳು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಅಮೆರಿಕದ ಸೈನಿಕರ ಜೊತೆ ನೀರಿಗಿಳಿದಾಗ ಅವರ ಬಳಿ ಎರಡು ಕಾಂಟ್ಯಾಕ್ಸ್ ಕ್ಯಾಮೆರಾಗಳಿದ್ದವು. 1947ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಅವರು ಒಂದು ಸಂಗತಿ ಬರೆದುಕೊಂಡಿದ್ದಾರೆ: ಹೊಸ ಸುರುಳಿ ತುಂಬಲು ಹೋದರೆ ಕೈ ನಡುಗಿ ಕೆಲಸ ಸಾಗಲಿಲ್ಲವಂತೆ. ಜಗತ್ತಿನಲ್ಲೇ ಸಲೀಸಾಗಿ ಫಿಲಂ ತುಂಬಬಹುದಾದ ಕ್ಯಾಮೆರಾಗಳಲ್ಲೊಂದು ಕೈಯಲ್ಲಿದ್ದೂ ಹೀಗಾಯಿತು. ಅಂದಿನ ಚಿತ್ರಗಳಲ್ಲಿ ಉಳಿದದ್ದು ಹತ್ತು ಹನ್ನೊಂದು ಮಾತ್ರ. ಲಂಡನ್ನಿನ ಪ್ರಯೋಗಾಲಯದಲ್ಲಿ ಅತಿಯಾದ ಶಾಖದಿಂದ ಉಳಿದವು ಕರಗಿಹೋದವೆಂದು ಬಹುಕಾಲ ಹೇಳಲಾಗುತ್ತಿತ್ತು. 2014ರ ಬಳಿಕ ನಡೆದ ಸಂಶೋಧನೆ ಈ ಕಥೆಯನ್ನು ಬಲವಾಗಿ ಪ್ರಶ್ನಿಸಿದೆ. ಕಾಪಾ ತೆಗೆದದ್ದೇ ಅಷ್ಟು ಇರಬಹುದೆಂಬುದು ಆ ವಾದ. ನನಗೂ ಇದೇ ಹೆಚ್ಚು ಸಂಭವನೀಯವೆಂದು ತೋರುತ್ತದೆ. ಇದರಿಂದ ಕಾಪಾ ಚಿಕ್ಕವರಾಗುವುದಿಲ್ಲ. ಆಯುಧವಿಲ್ಲದೆ ಆ ನೀರಿಗೆ ಇಳಿದದ್ದು ಸುಳ್ಳಲ್ಲವಲ್ಲ.

ಇಲ್ಲೊಂದು ವಿಪರ್ಯಾಸವಿದೆ. ನಾಜಿಗಳಿಂದ ತಪ್ಪಿಸಿಕೊಂಡ ಕಾಪಾ ನಾಜಿ ಜರ್ಮನಿಯ ಸೋಲನ್ನು ಚಿತ್ರಿಸಿದ್ದು ಜರ್ಮನ್ ಕ್ಯಾಮೆರಾದಲ್ಲಿ. 1945ರ ಮೇ 2ರಂದು ಬರ್ಲಿನ್ನಿನ ರೈಖ್‌ಸ್ಟಾಗ್ ಕಟ್ಟಡದ ಮೇಲೆ ಕೆಂಬಾವುಟ ಹಾರುವ ಚಿತ್ರ ನಿಮಗೆ ಗೊತ್ತಿರುತ್ತದೆ. ಅದನ್ನು ಸೋವಿಯೆತ್ ಛಾಯಾಗ್ರಾಹಕ ಯೆವ್ಗೆನಿ ಖಾಲ್ದೆಯ್ ತೆಗೆದದ್ದೂ ಲೈಕಾದಲ್ಲೇ. ಅತ್ತ ವೆಟ್ಸ್ಲರ್‌ನಲ್ಲಿ ಅದೇ ಲೈಟ್ಸ್ ಸಂಸ್ಥೆ ಜರ್ಮನ್ ಸೇನೆಗೆ ಉಪಕರಣಗಳನ್ನು ಒದಗಿಸುತ್ತಿತ್ತು. ಅದೇ ಯಜಮಾನರು ತಮ್ಮ ಯಹೂದಿ ನೌಕರರು ಹಲವರನ್ನು ದೇಶದಿಂದಾಚೆ ಸಾಗಿಸಲು ನೆರವಾದರು. ಎರಡೂ ಸತ್ಯ.

ಆಯ್ಕೆ, ಅಭಿರುಚಿ ಎಂದು ಇಷ್ಟು ಮಾತನಾಡುತ್ತಿದ್ದೇವೆ. ಆದರೆ ಆಯ್ಕೆಯೇ ಇಲ್ಲದವರ ಸಂಖ್ಯೆ ದೊಡ್ಡದು. ಲೈಕಾ, ಕಾಂಟ್ಯಾಕ್ಸ್ ಎರಡೂ ಸಿರಿವಂತರ ವಸ್ತುಗಳು. ಸೋವಿಯೆತ್ ದೇಶದಲ್ಲಿ 1934ರಿಂದ 'ಫೆಡ್' ಎಂಬ ಹೆಸರಿನಲ್ಲಿ ಲೈಕಾದ ತದ್ರೂಪಿ ತಯಾರಾಯಿತು. ತಯಾರಿಸಿದವರು ಯಾರು ಗೊತ್ತೆ? ಖಾರ್ಕಿವ್ ನಗರದ ಬಳಿ, ಶಿಕ್ಷಣತಜ್ಞ ಆಂಟನ್ ಮಕರೆಂಕೋ ಮುನ್ನಡೆಸಿದ ಶ್ರಮಶಾಲೆಯ ಅನಾಥ ಮಕ್ಕಳು, ನಿಮ್ಮದೇ ವಯಸ್ಸಿನವರು. ಯುದ್ಧ ಮುಗಿದ ಮೇಲೆ ಕಾಂಟ್ಯಾಕ್ಸ್‌ನ ಯಂತ್ರೋಪಕರಣಗಳು ಯುದ್ಧ ಪರಿಹಾರವಾಗಿ ಕೀವ್ ನಗರಕ್ಕೆ ಹೋದವು. ಅಲ್ಲಿ 'ಕೀವ್' ಎಂಬ ಹೆಸರಿನಲ್ಲಿ ಅದೇ ಕ್ಯಾಮೆರಾ ಸಣ್ಣಪುಟ್ಟ ಬದಲಾವಣೆಗಳೊಂದಿಗೆ 1980ರ ದಶಕದವರೆಗೂ ತಯಾರಾಗುತ್ತಿತ್ತು. ಬೆರಳಿನಿಂದ ಮುಚ್ಚಿಹೋಗುವ ಆ ಕಿಟಕಿಯೂ ಇದ್ದಲ್ಲೇ ಇತ್ತು.

ಅಮೆರಿಕದ ಟೋನಿ ವ್ಯಾಕ್ಯಾರೋ ಎಂಬ ತರುಣ ಸಾಮಾನ್ಯ ಕಾಲಾಳು ಸೈನಿಕ. ಅವನ ಬಳಿ ಇದ್ದದ್ದು ಆರ್ಗಸ್ ಸಿ3, ಆಕಾರದಿಂದಾಗಿ 'ಇಟ್ಟಿಗೆ' ಎಂಬ ಅಡ್ಡಹೆಸರು ಪಡೆದ ಅಗ್ಗದ ರೇಂಜ್‌ಫೈಂಡರ್. ಸೇನೆಯ ಅಧಿಕೃತ ಛಾಯಾಗ್ರಾಹಕನಲ್ಲದ್ದರಿಂದ ಪ್ರಯೋಗಾಲಯವೂ ಇಲ್ಲ. ರಾತ್ರಿ, ಸೈನಿಕರ ಉಕ್ಕಿನ ಟೊಪ್ಪಿಗೆಗಳಲ್ಲಿ ರಾಸಾಯನಿಕ ಕಲಸಿ, ಫಿಲಂ ಅದ್ದಿ, ಮರದ ಕೊಂಬೆಗೆ ಒಣಹಾಕುತ್ತಿದ್ದ. ಕಾಲಾಳಿನ ಕಣ್ಣಿನಿಂದ ಕಂಡ ಯುದ್ಧದ ಚಿತ್ರಗಳಲ್ಲಿ ಅವು ಅಪರೂಪದವು. ಅವನಿಗೆ ಯಾವ ಕ್ಯಾಮೆರಾ ಇಷ್ಟವಾಗಿತ್ತು ಎಂದು ಕೇಳುವುದೇ ಅಸಂಗತ.

ಇನ್ನು ಜಪಾನ್. ಜರ್ಮನ್ ವಸ್ತುವೆಂದರೆ ಮೇಲು, ಜಪಾನಿನದೆಂದರೆ ನಕಲು ಎಂಬ ನಂಬಿಕೆ ಯುದ್ಧಾನಂತರ ಎಲ್ಲೆಡೆ ಇತ್ತು. 'ಲೈಫ್' ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ 1950ರಲ್ಲಿ ಟೋಕಿಯೋದಲ್ಲಿದ್ದರು. ಜುನ್ ಮಿಕಿ ಎಂಬ ತರುಣ ಜಪಾನಿ ಛಾಯಾಗ್ರಾಹಕ ನಿಕ್ಕಾರ್ 85 ಮಿಲಿಮೀಟರ್ ಮಸೂರದಿಂದ ಡಂಕನ್ನರದೇ ಒಂದು ಚಿತ್ರ ತೆಗೆದು, ಪ್ರತಿ ಮಾಡಿ ತೋರಿಸಿದರು. ಆ ಸ್ಪಷ್ಟತೆಯನ್ನು ಕಂಡು ಡಂಕನ್ ಬೆರಗಾದರು. ನೇರವಾಗಿ ನಿಪ್ಪಾನ್ ಕೊಗಾಕು ಕಾರ್ಖಾನೆಗೆ ಹೋಗಿ ಪರೀಕ್ಷಿಸಿ ನೋಡಿದರು. ತಮ್ಮ ಲೈಕಾಗಳಿಗೆ ಜಪಾನಿ ಮಸೂರಗಳನ್ನು ಹಾಕಿಸಿಕೊಂಡರು. ಅದೇ ವರ್ಷ ಕೊರಿಯಾ ಯುದ್ಧ ಆರಂಭವಾಯಿತು. ಅವರ ಕೊರಿಯಾ ಚಿತ್ರಗಳು ನ್ಯೂಯಾರ್ಕ್ ತಲುಪಿದಾಗ ಇವು ಯಾವ ಮಸೂರದವು ಎಂಬ ಚರ್ಚೆ ಎದ್ದಿತು. ಡಿಸೆಂಬರಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಜಪಾನಿ ಮಸೂರಗಳ ಬಗ್ಗೆ ಬರೆಯಿತು. ಸೋತು ಕುಸಿದ ಒಂದು ದೇಶದ ಉದ್ಯಮಕ್ಕೆ ಅದರಿಂದ ದೊರೆತ ಮರ್ಯಾದೆ ಅಪಾರ. ನಿಕಾನ್ ರೇಂಜ್‌ಫೈಂಡರಿನ ರಚನೆಯೂ ಕುತೂಹಲಕರ: ಹೊರಗೆ ಕಾಂಟ್ಯಾಕ್ಸ್‌ನ ರೂಪ, ಒಳಗೆ ಲೈಕಾದ ಬಗೆಯ ಬಟ್ಟೆಯ ಶಟರು. ಇಬ್ಬರ ಜಗಳದಲ್ಲಿ ಇಬ್ಬರಿಂದಲೂ ಒಳ್ಳೆಯದನ್ನು ಎತ್ತಿಕೊಂಡ ಜಾಣತನ ಅದು.

1954ರಲ್ಲಿ ಲೈಕಾದವರು ಎಂ3 ಎಂಬ ಹೊಸ ಮಾದರಿಯನ್ನು ತಂದರು. ಕಾಂಟ್ಯಾಕ್ಸ್ 18 ವರ್ಷ ಮೊದಲೇ ಮಾಡಿದ್ದ ಒಂದೇ ಕಿಟಕಿಯ ಏರ್ಪಾಡು ಕೊನೆಗೂ ಲೈಕಾಕ್ಕೆ ಬಂತು, ಅದೂ ಎಷ್ಟು ಪ್ರಕಾಶಮಾನವಾಗಿ! ಕಾಣುವ ಗಾತ್ರ ಬರಿಗಣ್ಣಿನ ಹತ್ತರಲ್ಲಿ ಒಂಬತ್ತರಷ್ಟು. ಎರಡೂ ಕಣ್ಣು ತೆರೆದೇ ಇಟ್ಟುಕೊಂಡು ನೋಡಿದರೆ ಗಾಳಿಯಲ್ಲಿ ಚೌಕಟ್ಟೊಂದು ತೇಲುತ್ತಿರುವಂತೆ ಕಾಣುತ್ತದೆ. ಅದೇ ವರ್ಷ ಮೇ 25ರಂದು ಇಂಡೋಚೀನಾದ ಥಾಯ್ ಬಿನ್ಹ್ ಬಳಿ ಫ್ರೆಂಚ್ ಸೇನೆಯ ಜೊತೆ ನಡೆಯುತ್ತಿದ್ದ ರಾಬರ್ಟ್ ಕಾಪಾ ನೆಲಬಾಂಬಿನ ಮೇಲೆ ಕಾಲಿಟ್ಟು ತೀರಿಕೊಂಡರು. ಅಂದು ಅವರ ಬಳಿ ಎರಡು ರೇಂಜ್‌ಫೈಂಡರುಗಳಿದ್ದವು: ಕಪ್ಪುಬಿಳುಪಿಗೆ ಕಾಂಟ್ಯಾಕ್ಸ್, ಬಣ್ಣಕ್ಕೆ ಜಪಾನಿನ ನಿಕಾನ್. ಎಂದೋ ಲೈಕಾ ಬಿಟ್ಟವರ ಬಳಿ ಅಂದು ಲೈಕಾ ಇರಲಿಲ್ಲ.

1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾದಿಂದ ವೃತ್ತಿಪರರ ಒಲವು ಬೇರೆ ಕಡೆ ತಿರುಗಿತು. ಅದು ಕನ್ನಡಿಯ ಮೂಲಕ ಮಸೂರದೊಳಗಿಂದಲೇ ನೋಡುವ ಬಗೆಯದು. ದೂರದ ಹಕ್ಕಿಯನ್ನೂ ಹತ್ತಿರದ ಹೂವನ್ನೂ ಕಂಡಂತೆಯೇ ಹಿಡಿಯಬಹುದು. ರೇಂಜ್‌ಫೈಂಡರಿಗೆ ಇವೆರಡೂ ಕಷ್ಟ. ಆದರೆ ಗುಂಡಿ ಒತ್ತಿದ ಕೂಡಲೇ ಕನ್ನಡಿ ಟಪ್ಪೆಂದು ಮೇಲೆ ಹಾರುತ್ತದೆ, ಕ್ಷಣಕಾಲ ಕತ್ತಲು. ನಾವು ಹಿಡಿದ ಕ್ಷಣವನ್ನು ನಾವೇ ನೋಡಿರುವುದಿಲ್ಲ. ರೇಂಜ್‌ಫೈಂಡರಿನಲ್ಲಿ ಆ ಕ್ಷಣವೂ ಕಾಣುತ್ತದೆ, ಚೌಕಟ್ಟಿನಾಚೆ ಯಾರು ಒಳಗೆ ಬರುತ್ತಿದ್ದಾರೆ ಎಂಬುದೂ ಕಾಣುತ್ತದೆ. ಹೀಗಾಗಿ ಅದು ಅಳಿಯಲಿಲ್ಲ. ಎಲ್ಲರೂ ಡಿಜಿಟಲ್‌ಗೆ ಬದಲಾದ ಮೇಲೂ, 2022ರಲ್ಲಿ, ಲೈಕಾ ಸಂಸ್ಥೆ ಫಿಲಂ ಬಳಸುವ ತನ್ನ ಹಳೆಯ ಎಂ6 ಮಾದರಿಯನ್ನು ಮತ್ತೆ ತಯಾರಿಸತೊಡಗಿತು.

ಈ ವಿಷಯ ಮಾತನಾಡಿದಲ್ಲೆಲ್ಲ ವಿದ್ಯಾರ್ಥಿಗಳು ಕಡೆಗೆ ಕೇಳುವ ಪ್ರಶ್ನೆ ಒಂದೇ: "ಸಾರ್, ನೀವಾದರೆ ಯಾವುದನ್ನು ತೆಗೆದುಕೊಳ್ಳುತ್ತಿದ್ದಿರಿ?" ಮನಸ್ಸು ಹೇಳುವುದು 1936ರ ಕಾಂಟ್ಯಾಕ್ಸ್ ಎಂದು. ಅದರ ಹಿಂದಿನ ಯೋಚನೆ ಅಷ್ಟು ಮುಂದಿತ್ತು; ಸೋತ ಪಕ್ಷದ ಮೇಲೆ ನನಗೊಂದು ಮಮತೆಯೂ ಇದೆ ಎಂದಿಟ್ಟುಕೊಳ್ಳಿ. ಆದರೆ ನಾನು ಕನ್ನಡಕ ಹಾಕುವವನು. ಕಾಂಟ್ಯಾಕ್ಸ್‌ನ ಇಕ್ಕಟ್ಟಾದ ಕಿಂಡಿಗೆ ಕನ್ನಡಕವಿಟ್ಟು ನೋಡಿದರೆ ಚಿತ್ರದ ನಾಲ್ಕು ಮೂಲೆಗಳು ಒಟ್ಟಿಗೆ ಕಾಣುವುದಿಲ್ಲ. ಎಂ3ರಲ್ಲಿ 50 ಮಿಲಿಮೀಟರ್ ಚೌಕಟ್ಟು ಪೂರ್ತಿ ಕಾಣುತ್ತದೆ. ಆದ್ದರಿಂದ ಎಂ3. ಅದನ್ನು ಕೊಳ್ಳುವಷ್ಟು ಹಣ ನನ್ನ ಬಳಿ ಎಂದೂ ಇರಲಿಲ್ಲವಾಗಿ, ಸೋದರಮಾವನ ಯಾಶಿಕಾವೇ ಈಗಲೂ ನನ್ನ ಮೇಜಿನ ಮೇಲಿದೆ. ಅದರ ಹಳದಿ ಕಿಂಡಿಯಲ್ಲಿ ಎರಡನೆಯ ಬಿಂಬ ಈಚೆಗೆ ಬಹಳ ಮಂಕಾಗಿದೆ. ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ.